ಇನ್ನೂ ಕಳೆದಿರದ ಬೆರಳು

ಬೆಳಗಿನ ಐದೂವರೆ. ಕಾರ್ಟೂನ್ ಸ್ಟುಡಿಯೋದ ಎರಡನೇ ಮಹಡಿಯಲ್ಲಿ ದೀಪ ಉರಿಯುತ್ತಿರುವುದು ಒಂದೇ ಕೋಣೆಯಲ್ಲಿ. ಕುರ್ಚಿ ಖಾಲಿ. ಅದರಲ್ಲಿ ಕೂರಬೇಕಾದ ಹೆಂಗಸು ಒಂದು ಕಾಲಿನ ಭಾರ ಇನ್ನೊಂದಕ್ಕೆ ಬದಲಿಸುತ್ತ, ಪರದೆಗೆ ಮೂಗು ತಾಗುವಷ್ಟು ಬಗ್ಗಿ ನಿಂತಿದ್ದಾರೆ. ಪರದೆಯ ಮೇಲೆ ಆಕಾಶನೌಕೆಯ ಚಾಲಕಿ ಎಡಗೈ ಎತ್ತಿ ಯಾರಿಗೋ ಬೀಸುತ್ತಿದ್ದಾಳೆ. ಇವರು ಎಣಿಸುತ್ತಾರೆ. ಮತ್ತೆ ಎಣಿಸುತ್ತಾರೆ.

"ಅಯ್ಯೋ, ಕಿರುಬೆರಳೇ ಇಲ್ಲ!"

ಸ್ಟುಡಿಯೋದಲ್ಲಿ ಎಲ್ಲರಿಗೂ ಇವರು ಭೂತಗನ್ನಡಿ ಅಕ್ಕ. ಬಾಹ್ಯಾಕಾಶದ ಕಥೆಯ ನಾಲ್ಕು ಸಿನಿಮಾಗಳು ಬಂದು ಹೆಸರು ಮಾಡಿದ ಮೇಲೆ, ಅವೇ ಪಾತ್ರಗಳನ್ನಿಟ್ಟುಕೊಂಡು ಟಿವಿಗಾಗಿ ತಯಾರಾಗುತ್ತಿರುವ ಕಾರ್ಟೂನ್ ಸರಣಿಯಿದು. ಕಥೆ ನಡೆಯುವುದು ಮೊದಲ ಮತ್ತು ಎರಡನೇ ಸಿನಿಮಾಗಳ ನಡುವಿನ ವರ್ಷಗಳಲ್ಲಿ. ಚಾಲಕಿ ಬೆರಳು ಕಳೆದುಕೊಳ್ಳುವುದು ಎರಡನೇ ಸಿನಿಮಾದಲ್ಲಿ. ಅಂದರೆ ಇಲ್ಲಿ ಅವಳಿಗೆ ಐದೂ ಇರಬೇಕು. ಸಿನಿಮಾಕ್ಕೂ ಸರಣಿಗೂ ಹೀಗೆ ಎಲ್ಲೂ ತಾಳ ತಪ್ಪದಂತೆ ಕಾಯುವುದು ಅಕ್ಕನ ಕೆಲಸ. ಇಪ್ಪತ್ತೆರಡು ನಿಮಿಷದ ಒಂದು ಕಂತಿಗೆ ಮೂವತ್ತೊಂದು ಸಾವಿರಕ್ಕೂ ಮಿಕ್ಕಿ ಚಿತ್ರಗಳು. ಎಲ್ಲವೂ ಇವರ ಕಣ್ಣ ಕೆಳಗೆ ಹಾದೇ ಹೋಗಬೇಕು.

ಹಿಂದೆ ಹನ್ನೊಂದು ವರ್ಷ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುತ್ತಿದ್ದರು. ಅದಕ್ಕೆ ಬೀಗ ಬಿದ್ದಾಗ ಮಗಳಿನ್ನೂ ನಾಲ್ಕು ವರ್ಷದವಳು. ಗಂಡನೂ ಕೆಲಸ ಹುಡುಕುತ್ತಿದ್ದ ಕಾಲ. "ರಾಕೆಟ್ ಸಿನಿಮಾ ಅಂತ ನಾನು ಒಂದೂ ನೋಡಿರ್ಲಿಲ್ಲ. ಇಲ್ಲಿ ಸೇರಿದ್ಮೇಲೆ ಒಂದೊಂದನ್ನೂ ನಲವತ್ತು ಸಲ ನೋಡ್ದೆ. ಕನಸಲ್ಲೂ ನೌಕೆಯ ಗುಂಡಿಗಳೇ," ಎನ್ನುತ್ತಾರೆ.

ಮೂರನೇ ಕಂತಿನಲ್ಲಿ ಒಳಕ್ಕೆ ತೆರೆಯಬೇಕಾದ ನೌಕೆಯ ಬಾಗಿಲು ಹೊರಕ್ಕೆ ತೆರೆದದ್ದು ಇವರ ಕಣ್ತಪ್ಪಿತು. ನೋಡುಗರಿಂದ ದೂರುಗಳು ಬಂದವು. ಎಲ್ಲರೆದುರು ತಲೆ ತಗ್ಗಿಸಬೇಕಾಯಿತು. ಅಂದಿನಿಂದ ಕೂತಲ್ಲಿ ಕೂರಲಾರರು. ಬಸ್ಸಿಗೆ ಕಾಯುವಾಗಲೂ ಎದುರಿನ ಕಟ್ಟಡದ ಕಿಟಕಿ ಎಣಿಸುತ್ತಾರೆ.

ಈ ಕಂತು ಹತ್ತು ಗಂಟೆಗೆ ಚಾನೆಲ್ ತಲುಪಬೇಕು. ಅಕ್ಕ ಅಳುಕುತ್ತಲೇ ನಿರ್ದೇಶಕರಿಗೆ ಫೋನ್ ಮಾಡುತ್ತಾರೆ.

"ಕಣ್ಣುಮುಚ್ಚಿ ತೆಗೆಯೋದ್ರೊಳಗೆ ಬಂದು ಹೋಗೋ ಕೈ. ಯಾರಮ್ಮ ಬೆರಳು ಎಣಿಸ್ತಾರೆ?"

"ಮಕ್ಕಳು ಎಣಿಸ್ತಾರೆ ಸಾರ್."

"ಹತ್ತರೊಳಗೆ ಆಗೋದಾದ್ರೆ ಮಾಡಿಸಿ."

ಏಳಕ್ಕೆ ಚಿತ್ರಕಾರ ಮುಖ ಊದಿಸಿಕೊಂಡೇ ಬರುತ್ತಾನೆ. ತಿದ್ದಬೇಕಾದ ಚಿತ್ರಗಳು ನಲವತ್ತೊಂದು. "ನಿನ್ನೆ ಎಲ್ಲ ಸರಿಯಾಗಿದೆ ಅಂದ್ರಲ್ಲ ಅಕ್ಕಾ! ನಿಮ್ಮ ಕಣ್ಣಿಗೆ ನಮ್ಮ ನಿದ್ದೆ ಬಲಿ."

ಅಕ್ಕನಿಗೆ ಚುರುಕ್ಕೆನ್ನುತ್ತದೆ. ತಾನು ಹಿಡಿಯುವ ಒಂದೊಂದು ತಪ್ಪೂ ಇನ್ನೊಬ್ಬರ ತಲೆಯ ಮೇಲೆ ಬೀಳುತ್ತದೆಂಬುದು ಅವರಿಗೆ ಗೊತ್ತು. "ಬೈಕೊಳ್ಳಪ್ಪ, ಬೈಕೊಂಡೇ ಬರಿ. ಆ ಬೆರಳು ಮುಂದೆ ಹೋಗೋದಿದ್ದೇ ಇದೆ. ಅಲ್ಲೀವರೆಗಾದ್ರೂ ಅವಳ ಕೈ ನೆಟ್ಟಗಿರ್ಲಿ."

ನಗಬಾರದೆಂದುಕೊಂಡಿದ್ದವನು ನಕ್ಕುಬಿಡುತ್ತಾನೆ. ಕುರ್ಚಿ ಎಳೆದುಕೊಳ್ಳುತ್ತಾನೆ. ಅವನು ಬರೆದಂತೆಲ್ಲ ಅಕ್ಕ ಬೆನ್ನ ಹಿಂದೆ ನಿಂತು ಒಂದೊಂದೇ ಒಪ್ಪಿಸಿಕೊಳ್ಳುತ್ತಾರೆ. ನಡುನಡುವೆ ಗಡಿಯಾರ, ಬಾಗಿಲು, ಮತ್ತೆ ಗಡಿಯಾರ. ಒಂಬತ್ತೂ ಐವತ್ತಕ್ಕೆ ಕಂತು ಹೊರಡುತ್ತದೆ.

ಈಗಲಾದರೂ ಕೂರುತ್ತಾರೇನೋ ಎಂದರೆ, ಇಲ್ಲ. ಮುಂದಿನ ಕಂತು ತೆರೆಯುತ್ತಲೇ ಒಂಬತ್ತು ವರ್ಷದ ಮಗಳ ಮಾತು ತೆಗೆಯುತ್ತಾರೆ. "'ಅಮ್ಮಾ, ನಿನ್ನ ಜೊತೆ ಟಿವಿ ನೋಡೋಕೇ ಆಗಲ್ಲ' ಅಂತಾಳೆ. ಮಧ್ಯೆ ಮಧ್ಯೆ ನಿಲ್ಲಿಸ್ತೀನಲ್ಲ, ಅದಕ್ಕೆ. ಒಂದೇ ಒಂದು ಕಂತು ಅವಳ ಪಕ್ಕ ಸುಮ್ನೆ ಕೂತು ನೋಡ್ಬೇಕು ನಾನು. ಅವಳು ನಗೋ ಕಡೆ ನಗ್ಬೇಕು. ಅಷ್ಟೇ."