ಬೆಳಕು ಬಂದಾಗ ಉಸಿರು ಹಿಡಿಯಿರಿ

ಕಳೆದ ವರ್ಷದ ಆಷಾಢದಲ್ಲಿ ನಡೆದದ್ದು. ಚೆನ್ನೈಯವರು ಅದನ್ನು ಆಡಿ ತಿಂಗಳು ಎನ್ನುತ್ತಾರೆ. ಟಿ. ನಗರದ ಬಟ್ಟೆ ಅಂಗಡಿಗಳಲ್ಲಿ ರಿಯಾಯಿತಿ ಮಾರಾಟದ ನೂಕುನುಗ್ಗಲು. ಆ ಜನಜಂಗುಳಿಯಲ್ಲೇ ನನ್ನ ಗೀತಕ್ಕ ನನಗೆ ಎರಡು ಚೂಡಿದಾರ್ ಕೊಡಿಸಿದ್ದಳು. ಗಿಂಡಿ ಬಡಾವಣೆಯ ಒಂದು ಕಾರ್ಖಾನೆಯಲ್ಲಿ ಯಂತ್ರದ ಬಿಡಿಭಾಗಗಳ ನಕ್ಷೆಗಳನ್ನು ಕಂಪ್ಯೂಟರಿನಲ್ಲಿ ಬಿಡಿಸುವ ಕೆಲಸ ನನಗೆ ಸಿಕ್ಕಿತ್ತು. ಇಪ್ಪತ್ತೆಂಟನೇ ವಯಸ್ಸಿಗೆ ಸಿಕ್ಕ ಮೊದಲ ಖಾಯಂ ಕೆಲಸ. ಮುಂದಿನ ಸೋಮವಾರ ಸೇರಬೇಕಿತ್ತು.

ನನಗೆ ಕಿವಿ ಕೇಳಿಸುವುದಿಲ್ಲ. ಏಳನೇ ವಯಸ್ಸಿನಲ್ಲಿ ಮಿದುಳು ಜ್ವರ ಬಂತು. ಹೋಗುವಾಗ ಕಿವಿಯನ್ನೂ ತೆಗೆದುಕೊಂಡು ಹೋಯಿತು. ಅಷ್ಟರಲ್ಲಿ ಮಾತು ಕಲಿತಿದ್ದರಿಂದ ಕನ್ನಡ ಮಾತಾಡುತ್ತೇನೆ. ನನ್ನ ಧ್ವನಿ ಎಲ್ಲೆಲ್ಲೋ ಏರಿ ಇಳಿಯುತ್ತದಂತೆ, ಆದ್ದರಿಂದ ಹೊರಗಡೆ ಬಾಯಿ ಬಿಡುವುದು ಕಡಿಮೆ. ಎದುರಿಗಿದ್ದವರ ತುಟಿ ನೋಡಿ ಅವರು ಹೇಳಿದ್ದನ್ನು ತಿಳಿದುಕೊಳ್ಳುತ್ತೇನೆ. ನಮ್ಮೂರು ಹುಣಸೂರಿನಲ್ಲಿ ಇಷ್ಟು ಸಾಕಾಗುತ್ತಿತ್ತು. ಅಕ್ಕನ ಮನೆಯಲ್ಲಿರಲು ಚೆನ್ನೈಯ ಶೋಳಿಂಗನಲ್ಲೂರಿಗೆ ಬಂದ ಮೇಲೆ ನಾನು ಎರಡನೇ ಸಲ ಕಿವುಡಿಯಾದೆ. ಇಲ್ಲಿನ ತುಟಿಗಳೆಲ್ಲ ತಮಿಳು.

ಕೆಲಸಕ್ಕೆ ಸೇರುವ ಮೊದಲು ಆರೋಗ್ಯ ತಪಾಸಣೆ ಆಗಬೇಕೆಂದು ಕಂಪನಿಯವರು ಒಂದು ಲ್ಯಾಬಿಗೆ ಕಳಿಸಿದರು. ರಕ್ತ, ಕಣ್ಣು ಎಲ್ಲ ಮುಗಿದು ಕೊನೆಗೆ ಎದೆಯ ಎಕ್ಸ್‌ರೇ. ಅಲ್ಲಿದ್ದವನು ನನ್ನನ್ನು ಒಂದು ಹಲಗೆಗೆ ಎದೆ ಒತ್ತಿ ನಿಲ್ಲಿಸಿ ಹಿಂದೆ ಹೋದ. ಆಮೇಲೆ ಏನು ಮಾಡಬೇಕೋ ನನಗೆ ತಿಳಿಯಲಿಲ್ಲ. ಆಯಿತೇನೋ ಎಂದು ತಿರುಗಿದೆ. ಅವನು ಬಂದು ನನ್ನ ತಲೆ ಹಿಡಿದು ಮತ್ತೆ ಗೋಡೆಯ ಕಡೆ ತಿರುಗಿಸಿದ. ಸ್ವಲ್ಪ ಹೊತ್ತಿಗೆ ಮತ್ತೆ ತಿರುಗಿದೆ. ಮೂರನೇ ಸಲ ಅವನ ಬೆರಳು ನನ್ನ ಭುಜಕ್ಕೆ ಚುಚ್ಚಿತು. ಕಿವಿ ಕೇಳಿಸದು ಎಂದು ಸನ್ನೆ ಮಾಡಿ ತೋರಿಸಿದ್ದೆ. ಅದು ಅವನಿಗೆ ಗೊತ್ತಿತ್ತು. ಗೊತ್ತಿದ್ದ ಮೇಲೆ ಏನು ಮಾಡಬೇಕೆಂಬುದು ಗೊತ್ತಿರಲಿಲ್ಲ, ಅಷ್ಟೇ.

ಎರಡು ದಿನಗಳ ನಂತರ ಕಂಪನಿಯ ಡಾಕ್ಟರು ಅಕ್ಕನನ್ನೂ ನನ್ನನ್ನೂ ಕರೆಸಿದರು. ಶ್ವಾಸಕೋಶದ ಕೆಳಭಾಗದಲ್ಲಿ ಎರಡೂ ಕಡೆ ಮಬ್ಬು ಕಾಣುತ್ತಿದೆ, ದೊಡ್ಡ ಆಸ್ಪತ್ರೆಯಲ್ಲಿ ಇನ್ನೊಂದು ಎಕ್ಸ್‌ರೇ ತೆಗೆಸಿ ಬನ್ನಿ, ಅಲ್ಲಿಯವರೆಗೆ ಸೇರಿಸಿಕೊಳ್ಳಲು ಆಗುವುದಿಲ್ಲ ಎಂದರು. ಅವರು ಬರೆದುಕೊಟ್ಟ ಚೀಟಿಯಲ್ಲಿ ‘ಟಿಬಿ’ ಎಂದಿತ್ತು, ಮುಂದೊಂದು ಪ್ರಶ್ನೆ ಚಿಹ್ನೆ. ನನಗೆ ಕೆಮ್ಮಿರಲಿಲ್ಲ, ಜ್ವರವಿರಲಿಲ್ಲ. ಆದರೂ ಆ ಪ್ರಶ್ನೆ ಚಿಹ್ನೆ ಮನೆಯವರೆಗೂ ನನ್ನ ಜೊತೆ ಬಂತು. ಅಕ್ಕನಿಗೆ ಮೂರು ವರ್ಷದ ಮಗಳಿದ್ದಾಳೆ, ಚಿನ್ನು. ರಾತ್ರಿ ನನ್ನ ಪಕ್ಕದಲ್ಲೇ ಮಲಗುವವಳು. ಅವತ್ತು ಅವಳನ್ನು ಎತ್ತಿಕೊಳ್ಳಲಿಲ್ಲ. ನನ್ನ ತಟ್ಟೆ ಲೋಟ ಬೇರೆ ಇಟ್ಟುಕೊಂಡೆ.

ಅಕ್ಕ ನೋಡಿ ಬೈದಳು. “ಏನಿದು ಹುಚ್ಚಾಟ? ಯಾರು ಹೇಳಿದ್ರು ನಿಂಗೆ ತಟ್ಟೆ ಬೇರೆ ಮಾಡು ಅಂತ?”

“ರಿಪೋರ್ಟ್ ಬರೋವರೆಗೂ ಇರ್ಲಿ ಬಿಡಕ್ಕ” ಎಂದೆ.

ಅವಳು ಮತ್ತೇನೋ ಹೇಳಿದಳು. ನಾನು ಅವಳ ಮುಖ ನೋಡಲಿಲ್ಲ. ಕೇಳಿಸಿಕೊಳ್ಳಲು ಇಷ್ಟವಿಲ್ಲದಾಗ ನನಗೆ ಅದೊಂದು ಅನುಕೂಲ.

ಗುರುವಾರ ಅಕ್ಕನ ಆಫೀಸಿನಲ್ಲಿ ರಜೆ ಸಿಗಲಿಲ್ಲ. ಒಬ್ಬಳೇ ಹೋಗುತ್ತೇನೆ ಎಂದೆ. ಅಕ್ಕ ಇಂಗ್ಲಿಷಿನಲ್ಲಿಯೂ ತಮಿಳಿನಲ್ಲಿಯೂ ಒಂದು ಚೀಟಿ ಬರೆದುಕೊಟ್ಟಳು: ಇವಳಿಗೆ ಕಿವಿ ಕೇಳಿಸುವುದಿಲ್ಲ, ದಯವಿಟ್ಟು ಬರೆದು ತೋರಿಸಿ. ಬಸ್ಸು ಹಿಡಿದು ಹೋದೆ. ಅದು ಕಾಲೇಜಿಗೆ ಸೇರಿದ ದೊಡ್ಡ ಆಸ್ಪತ್ರೆ. ಎಕ್ಸ್‌ರೇ ವಿಭಾಗದ ಮುಂದೆ ಉದ್ದ ಸಾಲು. ನನ್ನ ಸರದಿ ಬಂದಾಗ ಒಳಗೆ ಬಿಳಿ ಕೋಟು ಹಾಕಿಕೊಂಡ ನಾಲ್ಕೈದು ಹುಡುಗ ಹುಡುಗಿಯರು, ಅವರ ನಡುವೆ ಬಾಚಿ ಗಂಟು ಹಾಕಿದ ನರೆಗೂದಲಿನ ಒಬ್ಬ ಮೇಡಂ. ನೋಡಿದ ತಕ್ಷಣ ಇವರು ಎಕ್ಸ್‌ರೇ ಕೆಲಸ ಕಲಿಯುವ ಮಕ್ಕಳು ಎಂದು ತಿಳಿಯಿತು. ಕೆಲಸ ಬಲ್ಲವನೇ ನನ್ನನ್ನು ಹಾಗೆ ನಡೆಸಿಕೊಂಡಿದ್ದ, ಇನ್ನು ಇವರು ಏನು ಮಾಡುತ್ತಾರೋ ಎಂದುಕೊಂಡೆ.

ಒಬ್ಬ ಹುಡುಗಿ ಅಕ್ಕನ ಚೀಟಿ ಓದಿ ಏನೋ ಹೇಳಿದಳು. ಡಾಕ್ಟರ ಚೀಟಿಯಲ್ಲಿ ಟಿಬಿ ಎಂದಿದ್ದರಿಂದ ಎಲ್ಲರೂ ಮಾಸ್ಕ್ ಹಾಕಿಕೊಂಡಿದ್ದರು. ನನಗೂ ಒಂದು ಕೊಟ್ಟಿದ್ದರು. ಮಾಸ್ಕ್ ಎಂದರೆ ನನಗೆ ಮುಚ್ಚಿದ ಬಾಗಿಲು. ಗಾಬರಿಯಲ್ಲಿ ಬಾಯಿಂದ ಕನ್ನಡವೇ ಬಂತು: “ನಂಗೆ ಗೊತ್ತಾಗ್ತಿಲ್ಲ. ಬಾಯಿ ಕಾಣ್ಬೇಕು.”

ಹುಡುಗಿಯ ಕಣ್ಣು ಅರಳಿತು. ಮಾಸ್ಕಿನ ಮೇಲೆ ಕೈಯಿಟ್ಟಳು, ಆದರೆ ತೆಗೆಯಲಿಲ್ಲ. ಮೇಡಂ ಕಡೆ ನೋಡಿದಳು. ಮೇಡಂ ತಲೆಯಾಡಿಸಿ ಬೇಡ ಎಂದರು. ಒಂದು ಕ್ಷಣ ನಿಂತು ಯೋಚಿಸಿದ ಹುಡುಗಿ ಥಟ್ಟನೆ ತಿರುಗಿ ಪಕ್ಕದ ಪುಟ್ಟ ಕೋಣೆಗೆ ಓಡಿದಳು. ಎಕ್ಸ್‌ರೇ ಗುಂಡಿ ಒತ್ತುವವರು ನಿಲ್ಲುವ ಕೋಣೆ ಅದು. ಮಧ್ಯೆ ದಪ್ಪ ಗಾಜಿನ ಕಿಟಕಿ. ಆ ಗಾಜಿನ ಆಚೆ ನಿಂತು ಮಾಸ್ಕ್ ಕೆಳಗಿಳಿಸಿ ನನ್ನ ಕಡೆ ನೋಡಿ ಮಾತಾಡಿದಳು.

ಅಷ್ಟು ದಪ್ಪದ ಗಾಜಿನಾಚೆಯ ಮಾತು ಕಿವಿ ಇದ್ದವರಿಗೆ ಕೇಳಿಸುತ್ತಿತ್ತೋ ಇಲ್ಲವೋ. ನನಗೆ ಪೂರ್ತಿ ತಿಳಿಯಿತು. “ನಂಗೆ ಕನ್ನಡ ಗೊಜ್ಜು ಗೊಜ್ಜು ಬರತ್ತೆ” ಎಂದಳು.

ನನಗೆ ನಗು ಬಂತು. “ಗೊಜ್ಜಾ?” ಎಂದೆ. ನನ್ನ ಮಾತು ಆ ಕಡೆ ಮೈಕಿನಲ್ಲಿ ಕೇಳಿಸುತ್ತಿತ್ತಂತೆ. ಅವಳು ಅರ್ಥವಾಗದೆ ಎರಡು ಬೆರಳು ಹತ್ತಿರ ತಂದು ತೋರಿಸಿದಳು. ಅವಳು ಹೇಳಿದ್ದು ತಮಿಳಿನ ‘ಕೊಂಜ ಕೊಂಜ’, ಅಂದರೆ ಸ್ವಲ್ಪ ಸ್ವಲ್ಪ. ತುಟಿಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಅವಳ ಹೆಸರು ಶ್ರೀರಂಜನಿ. ಮೂರು ತಲೆಮಾರಿನಿಂದ ಮದ್ರಾಸಿನಲ್ಲಿರುವ ಮನೆಯವಳು. “ಪಾಟಿ ಕನ್ನಡದಲ್ಲೇ ಬೈತಾರೆ, ನಾನು ತಮಿಳಲ್ಲಿ ಬದ್ಲು ಹೇಳ್ತೀನಿ” ಎಂದಳು. ಪಾಟಿ ಎಂದರೆ ಅಜ್ಜಿ.

ಆದರೆ ಇಷ್ಟಕ್ಕೇ ಸಮಸ್ಯೆ ತೀರಲಿಲ್ಲ. ಎಕ್ಸ್‌ರೇ ತೆಗೆಯುವಾಗ ನಾನು ಗೋಡೆಯ ಕಡೆ ಮುಖ ಮಾಡಿರಬೇಕು. ಆಗ ಅವಳ ತುಟಿ ಕಾಣುವುದಿಲ್ಲ. ಉಸಿರನ್ನು ಪೂರ್ತಿ ಎಳೆದು ಹಿಡಿದುಕೊಂಡಿರುವಾಗಲೇ ಚಿತ್ರ ತೆಗೆಯಬೇಕು ಎಂಬುದು ನನಗೆ ಅವತ್ತೇ ಮೊದಲ ಸಲ ತಿಳಿದದ್ದು. ಲ್ಯಾಬಿನವನು ಮೂರು ಸಲವೂ ನನ್ನ ಹಿಂದೆ ನಿಂತು ಅದನ್ನೇ ಕೂಗಿದ್ದಿರಬೇಕು.

ವಿದ್ಯಾರ್ಥಿಗಳೆಲ್ಲ ಸೇರಿ ಚರ್ಚೆ ಮಾಡತೊಡಗಿದರು. ಆಗ ನಡೆದದ್ದನ್ನೆಲ್ಲ ಶ್ರೀರಂಜನಿ ಆಮೇಲೆ ನನಗೆ ಹೇಳಿದಳು. ಒಬ್ಬ ಹುಡುಗ, ತಾನು ಕಿರಣ ತಡೆಯುವ ಸೀಸದ ಏಪ್ರನ್ ಹಾಕಿಕೊಂಡು ಪಕ್ಕದಲ್ಲಿ ನಿಂತು ಬೆನ್ನು ತಟ್ಟುತ್ತೇನೆ ಎಂದನಂತೆ. ಅವರ ಶಿಕ್ಷಕಿ ತಮಿಳ್‌ಸೆಲ್ವಿ ಮೇಡಂ ಒಪ್ಪಲಿಲ್ಲ. ಬೇರೆ ದಾರಿ ಇರುವಾಗ ಯಾರೂ ಸುಮ್ಮನೆ ಕಿರಣಕ್ಕೆ ಮೈಯೊಡ್ಡಬಾರದು, ದಾರಿ ಹುಡುಕಿ ಎಂದರು. ಮೇಡಂಗೆ ಉತ್ತರ ಗೊತ್ತಿತ್ತೆಂದೇ ನನಗೆ ಈಗಲೂ ಅನ್ನಿಸುತ್ತದೆ. ಆದರೆ ಹೇಳಿಕೊಡದೆ ಕೈಕಟ್ಟಿ ನಿಂತರು. ಹೊರಗೆ ಸಾಲು ಬೆಳೆಯುತ್ತಿತ್ತು. ಒಬ್ಬರು ತಾತ ಬಾಗಿಲು ತೆರೆದು ಕೈಗಡಿಯಾರ ತೋರಿಸಿ ಏನೋ ಅಂದರು. ಮೇಡಂ ಅವರ ಹತ್ತಿರ ಹೋಗಿ ಕೈಮುಗಿದು, ನಿಧಾನವಾಗಿ ಬಾಗಿಲು ಹಾಕಿದರು.

ಆಗ ಶ್ರೀರಂಜನಿ ಗಾಜಿನ ಹಿಂದಿನಿಂದ ನನ್ನ ಕಡೆ ತಿರುಗಿದಳು. “ಅಕ್ಕಾ, ನಿಮ್ಗೆ ಹೇಗೆ ಹೇಳಿದ್ರೆ ಗೊತ್ತಾಗತ್ತೆ?”

ಆ ಪ್ರಶ್ನೆಯನ್ನು ಅಲ್ಲಿಯವರೆಗೆ ನನಗೆ ಹೊರಗಿನವರು ಯಾರೂ ಹಾಕಿರಲಿಲ್ಲ. ಜೊತೆಯಲ್ಲಿ ಯಾರಿದ್ದಾರೆ ಎಂದು ಕೇಳಿದವರಿದ್ದರು. ಕಿವಿಗೆ ಮಷೀನು ಹಾಕಿಸಿಕೊಳ್ಳಬಾರದೇ ಎಂದವರಿದ್ದರು. ನಿನಗೆ ಹೇಗೆ ಹೇಳಲಿ ಎಂದು ನನ್ನನ್ನೇ ಕೇಳಿದವಳು ಇವಳೊಬ್ಬಳು.

“ನಮ್ಮನೇಲಿ ಬೆಲ್ ಒತ್ತಿದ್ರೆ ಲೈಟ್ ಹತ್ಕೊಳ್ಳತ್ತೆ. ಬೆಳಕಿದ್ರೆ ಸಾಕು” ಎಂದೆ.

ಆಮೇಲೆ ನಡೆದದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಒಬ್ಬರು ನಾನಿದ್ದ ಕೋಣೆಯ ದೀಪ ಆರಿಸಿದರು. ಶ್ರೀರಂಜನಿ ಗಾಜಿನ ಹಿಂದಿನಿಂದ ಮೊಬೈಲಿನ ಟಾರ್ಚ್ ಹಚ್ಚಿದಳು. ನನ್ನ ಮುಖದ ಎದುರಿನ ಗೋಡೆಯ ಮೇಲೆ ಒಂದು ಬಿಳಿ ವೃತ್ತ ಬಿತ್ತು. ನಾನು ತಿರುಗಿ ನೋಡಿದಾಗ ಗಾಜಿನಾಚೆಯಿಂದ ಹೇಳಿದಳು: “ಬೆಳಕು ಬಂದ್ರೆ ಮೂಚು... ಇಲ್ಲ, ಉಸಿರು. ಉಸಿರು ಒಳಗೆ ಎಳ್ದು ಹಿಡ್ಕೊಳ್ಳಿ. ಬೆಳಕು ಹೋದ್ರೆ ಬಿಟ್ಬಿಡಿ.”

ಮೊದಲ ಅಭ್ಯಾಸದಲ್ಲಿ ಬೆಳಕು ಕಂಡ ತಕ್ಷಣ ನಾನು ಗಾಬರಿಯಿಂದ ಉಸಿರು ಬಿಟ್ಟುಬಿಟ್ಟೆ. ಅವಳು ಬಂದು ನನ್ನ ಎದುರು ನಿಂತು ತಾನೇ ಉಸಿರೆಳೆದು ತೋರಿಸಿದಳು. ಮಾಸ್ಕಿದ್ದರೂ ಭುಜ ಏರುವುದು ಕಾಣುತ್ತಿತ್ತು. ಎರಡನೇ ಸಲ ಸರಿಯಾಯಿತು. ಸಾಕು ಎಂದುಕೊಂಡೆ. ಮೇಡಂ ಇನ್ನೊಂದು ಸಲ ಎಂದು ಬೆರಳೆತ್ತಿದರು. ಗುಂಡಿ ಒತ್ತುವುದು ಒಂದೇ ಸಲ, ಅಭ್ಯಾಸ ಎಷ್ಟು ಸಲ ಬೇಕಾದರೂ ಮಾಡಿಸಿ ಎನ್ನುವುದು ಅವರ ಪಾಠವಂತೆ.

ಮೂರನೇ ಅಭ್ಯಾಸವೂ ಮುಗಿಯಿತು. ಶ್ರೀರಂಜನಿ ನನ್ನ ಗಲ್ಲವನ್ನು ಮೇಲೆತ್ತಿ ಇಟ್ಟಳು, ಕೈಗಳನ್ನು ಸೊಂಟದ ಮೇಲಿಟ್ಟು ಭುಜಗಳನ್ನು ಮುಂದಕ್ಕೆ ತಂದಳು. ಮುಟ್ಟುವ ಮೊದಲು ಪ್ರತಿ ಸಲವೂ ತನ್ನ ಕೈಯನ್ನು ನನ್ನ ಕಣ್ಣಿಗೆ ಕಾಣುವಂತೆ ತೋರಿಸುತ್ತಿದ್ದಳು. ಆಮೇಲೆ ಹೋದಳು. ಕತ್ತಲು. ಎದುರಿಗೆ ಗೋಡೆ. ಬೆಳಕು ಬಂತು. ಉಸಿರೆಳೆದು ಹಿಡಿದೆ. ಬೆಳಕು ಹೋಯಿತು. ಬಿಟ್ಟೆ.

ತಿರುಗಿ ನೋಡಿದರೆ ಗಾಜಿನಾಚೆ ಎಲ್ಲರೂ ಪರದೆಯ ಮುಂದೆ ಬಾಗಿದ್ದರು. ಮೇಡಂ ಬೆರಳಿಟ್ಟು ಏನನ್ನೋ ಎಣಿಸುತ್ತಿದ್ದರು. ಶ್ರೀರಂಜನಿ ತಲೆಯೆತ್ತಿ ನನಗೆ ಹತ್ತೂ ಬೆರಳು ತೋರಿಸಿದಳು. ಹತ್ತು ಏನು? ಹತ್ತು ದಿನವೇ? ಹತ್ತು ಗುಳ್ಳೆಗಳೇ?

ಅವಳು ನನ್ನ ಮುಖ ನೋಡಿ ಹೆದರಿದಳೆಂದು ಕಾಣುತ್ತದೆ. “ಪಕ್ಕೆ ಎಲುಬು ಅಕ್ಕಾ, ಪಕ್ಕೆ ಎಲುಬು!” ಎಂದು ತನ್ನ ಪಕ್ಕೆ ಮುಟ್ಟಿ ತೋರಿಸಿದಳು. ಉಸಿರು ಪೂರ್ತಿ ತುಂಬಿದ್ದರೆ ಚಿತ್ರದಲ್ಲಿ ಹತ್ತು ಪಕ್ಕೆಲುಬು ಎಣಿಸಬಹುದಂತೆ. ನಾನು ತಂದಿದ್ದ ಹಳೆಯ ಚಿತ್ರದಲ್ಲಿ ಅವರಿಗೆ ಏಳೇ ಸಿಕ್ಕಿದ್ದವು.

“ಹಂಗಂದ್ರೆ ನಂಗೆ ಏನೂ ಇಲ್ವಾ?” ಎಂದು ಕೇಳಿದೆ.

ಹೇಳಿಬಿಡಬೇಕೆಂಬ ಆಸೆ ಅವಳ ಮುಖದಲ್ಲಿ ಕಾಣುತ್ತಿತ್ತು. “ಅದು ಡಾಕ್ಟರ್ ಹೇಳ್ಬೇಕು, ನಾನ್ ಹೇಳಬಾರದು. ಚಿತ್ರ ಚೆನ್ನಾಗಿ ಬಂದಿದೆ. ಅಷ್ಟು ಹೇಳ್ಬೋದು.” ಆ ಕ್ಷಣಕ್ಕೆ ನನಗೆ ಸಿಟ್ಟು ಬಂತು. ಈಗ ಆ ಮಾತಿಗೇ ಅವಳ ಮೇಲೆ ಹೆಚ್ಚು ಗೌರವ.

ಹೊರಗೆ ಬೆಂಚಿನ ಮೇಲೆ ಒಂದು ಗಂಟೆ ಕುಳಿತೆ. ನಂತರ ಒಳಗೆ ಕರೆದ ಡಾಕ್ಟರು ಎರಡೂ ಚಿತ್ರಗಳನ್ನು ಪಕ್ಕ ಪಕ್ಕ ಇಟ್ಟು, ಕಾಗದದ ಮೇಲೆ ಸರಳವಾದ ಇಂಗ್ಲಿಷಿನಲ್ಲಿ ಬರೆದು ತೋರಿಸಿದರು. ಶ್ವಾಸಕೋಶ ಶುದ್ಧವಾಗಿದೆ. ಹಿಂದಿನ ಚಿತ್ರ ಉಸಿರು ಬಿಟ್ಟಾಗ ತೆಗೆದದ್ದು, ಅದಕ್ಕೇ ಮಬ್ಬು. ಅವರ ಮುಂದೆಯೇ ಅತ್ತುಬಿಟ್ಟೆ. ಹೊರಗೆ ಬಂದು ಅಕ್ಕನಿಗೆ ಮೆಸೇಜು ಮಾಡಿದೆ. ಸಂಜೆ ಮನೆಗೆ ಹೋದವಳೇ ಚಿನ್ನುವನ್ನು ಎತ್ತಿಕೊಂಡು ಊಟದ ಹೊತ್ತಿನವರೆಗೂ ಕೆಳಗಿಳಿಸಲಿಲ್ಲ. ಸೋಮವಾರ ಕೆಲಸಕ್ಕೆ ಸೇರಿದೆ.

ಅಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ಒಂದೂವರೆ ತಿಂಗಳ ನಂತರ ಶ್ರೀರಂಜನಿಯ ಮೆಸೇಜು ಬಂತು. ಅವತ್ತು ಹೊರಡುವಾಗ ನಂಬರು ತೆಗೆದುಕೊಂಡಿದ್ದಳು. ತಮಿಳ್‌ಸೆಲ್ವಿ ಮೇಡಂ ನನ್ನನ್ನು ಶನಿವಾರ ಕಾಲೇಜಿಗೆ ಕರೆದಿದ್ದರು. ಪಾಠ ಮಾಡಲು! ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡೆ. ಅಕ್ಕ ಬಲವಂತ ಮಾಡಿ ಕಳಿಸಿದಳು.

ಮೂವತ್ತು ಜನ ವಿದ್ಯಾರ್ಥಿಗಳು. ಅಭ್ಯಾಸಕ್ಕೆಂದೇ ಇಟ್ಟಿದ್ದ ಯಂತ್ರ, ಅದಕ್ಕೆ ವಿದ್ಯುತ್ ಕೊಟ್ಟಿರಲಿಲ್ಲ. ಒಬ್ಬೊಬ್ಬರಾಗಿ ಬಂದು ನನ್ನನ್ನು ರೋಗಿಯೆಂದುಕೊಂಡು ನಿಲ್ಲಿಸಬೇಕು, ನಾನು ಅವರ ತಪ್ಪುಗಳನ್ನು ಹೇಳಬೇಕು. ಒಬ್ಬ ಹುಡುಗ ಬಹಳ ವಿನಯದಿಂದ ಕೈಮುಗಿದು, ನನಗೆ ಬೆನ್ನು ತಿರುಗಿಸಿಕೊಂಡು ಉದ್ದಕ್ಕೆ ಮಾತಾಡಿದ. ಇನ್ನೊಬ್ಬಳು ಮುಖವೆಲ್ಲ ಹಿಗ್ಗಿಸಿ ಬಾಯಿ ತೆರೆದಳು. ಹಾಗೆ ಮಾಡಿದರೆ ತುಟಿ ಓದುವುದೇ ಕಷ್ಟ, ಸಹಜವಾಗಿ ಮಾತಾಡು ಎಂದೆ. ನಾನು ಕನ್ನಡದಲ್ಲಿ ಹೇಳುತ್ತಿದ್ದೆ, ಶ್ರೀರಂಜನಿ ತಮಿಳಿನಲ್ಲಿ ಹೇಳುತ್ತಿದ್ದಳು. ನನ್ನ ಏರಿಳಿಯುವ ಧ್ವನಿಗೆ ಯಾರ ಮುಖವೂ ಬದಲಾಗಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ನಾನು ಹೇಳಿದ್ದನ್ನು ಬರೆದುಕೊಳ್ಳುವವರೂ ಇರುತ್ತಾರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಕೊನೆಗೆ ಮೇಡಂ ಪಾತ್ರ ಅದಲುಬದಲು ಮಾಡಿದರು. ವಿದ್ಯಾರ್ಥಿಗಳು ಕಿವಿಗೆ ಹತ್ತಿ ತುಂಬಿಕೊಂಡು ಗೋಡೆಯ ಕಡೆ ನಿಲ್ಲಬೇಕು, ನಾನು ಟಾರ್ಚ್ ಹಿಡಿದು ತಂತ್ರಜ್ಞಳಾಗಬೇಕು. ಮೊದಲು ಬಂದವನು ಬೆನ್ನು ತಿರುಗಿಸಿ ಮಾತಾಡಿದ್ದ ಆ ಹುಡುಗನೇ. ಬೆಳಕು ಹಾಕಿದೆ. ಅವನ ಭುಜಗಳು ಏರಿ ಅಲ್ಲಾಡದೆ ನಿಂತವು. ನನ್ನ ಕೈಯ ಬೆಳಕಿಗೆ ಒಬ್ಬ ಮನುಷ್ಯ ಉಸಿರು ಹಿಡಿದು ನಿಂತಿದ್ದಾನೆ ಎಂಬ ಬೆರಗಿನಲ್ಲಿ ನಾನು ಟಾರ್ಚ್ ಆರಿಸುವುದನ್ನೇ ಮರೆತೆ. ಹುಡುಗ ಕೆಂಪಗಾಗಿ, ಕೊನೆಗೆ ತಡೆಯಲಾರದೆ ಬುಸ್ಸೆಂದು ಬಿಟ್ಟು ಬಾಗಿ ಕುಳಿತ. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಮೇಡಂ ಕಣ್ಣೊರೆಸಿಕೊಳ್ಳುತ್ತ ಹೇಳಿದ್ದನ್ನು ಶ್ರೀರಂಜನಿ ನನಗೆ ದಾಟಿಸಿದಳು: “ಹಿಡ್ಕೊಳ್ಳಿ ಅಂದವ್ರೇ ಬಿಡಿ ಅಂತಲೂ ಹೇಳ್ಬೇಕು. ಮರೀಬೇಡಿ ಅಂತಾರೆ ಮೇಡಂ.”

ಶ್ರೀರಂಜನಿ ಈ ವರ್ಷ ಓದು ಮುಗಿಸಿ ಬೇರೊಂದು ಆಸ್ಪತ್ರೆಗೆ ಸೇರಿದ್ದಾಳೆ. ಅವಳು ಕಲಿತ ಯಂತ್ರಗಳ ವಿಚಾರ ನನಗೆ ತಿಳಿಯದು. ಅದನ್ನು ಪರೀಕ್ಷೆ ಮಾಡುವವರು ಬೇರೆ ಇದ್ದಾರೆ. ಕನ್ನಡದಲ್ಲಿ ಕೇಳುವುದು ಎಂದರೆ ಕಿವಿಗೆ ಬೀಳುವುದೂ ಹೌದು, ಪ್ರಶ್ನೆ ಹಾಕುವುದೂ ಹೌದು. ಮೊದಲನೆಯದು ನನ್ನಿಂದ ಆಗದು ಎಂದು ಎಲ್ಲರಿಗೂ ಗೊತ್ತಿತ್ತು. ಎರಡನೆಯದು ತನ್ನಿಂದ ಆಗಬೇಕೆಂದು ಗೊತ್ತಿದ್ದದ್ದು ಇನ್ನೂ ಕಲಿಯುತ್ತಿದ್ದ ಆ ಹುಡುಗಿಗೆ.