ವೀರಗಲ್ಲಿಗೆ ಬಳಿದ ಬಣ್ಣ

ನಾನು ಎಂ.ಎ. ಓದಿದ್ದು ಹಾವೇರಿಯಲ್ಲಿ; ಅಲ್ಲಿಗೆ ಹೋಗುವುದೆಂದರೆ ನನಗೆ ಈಗಲೂ ಪರೀಕ್ಷೆಗೆ ಹೊರಟಂತೆ. ಈ ಸಲ ಜೊತೆಗೆ ಅಣ್ಣನೂ ಇದ್ದ. ಅಲ್ಲಿಯ ಸಣ್ಣ ಸಂಗ್ರಹಾಲಯಕ್ಕೆ ನಾವು ಕೊಟ್ಟಿದ್ದ ಕಲ್ಲನ್ನು ನೋಡಲು ಹೊರಟಿದ್ದೆವು.

ಮೋಟೆಬೆನ್ನೂರಿನ ನಮ್ಮ ಹೊಲದ ಬದುವಿನಲ್ಲಿ ತಲೆಮಾರುಗಳಿಂದ ನಿಂತಿದ್ದ ವೀರಗಲ್ಲು ಅದು. ಕತ್ತಿ ಹಿಡಿದವನೊಬ್ಬ, ಅವನ ಕಾಲ ಕೆಳಗೆ ಎರಡು ಸಾಲು ಹಳಗನ್ನಡ. ಮನೆಯವರು ಎಳ್ಳಮಾವಾಸ್ಯೆಗೆ ಹೊಲದಲ್ಲಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ, ಅವನಿಗೆ ಎಣ್ಣೆ ಹಚ್ಚಿ ಕುಂಕುಮವಿಡುತ್ತಿದ್ದರು. ಸತ್ತವನ ಹೆಸರನ್ನು ಇನ್ನೂ ಯಾರೂ ಓದಿರಲಿಲ್ಲ. ಯಾರಾದರೂ ಓದುವ ಮೊದಲೇ ಎಣ್ಣೆಯ ಜಿಡ್ಡು ಅದನ್ನು ನುಂಗುತ್ತದೆಂದು ನಾನು ನಿದ್ದೆಗೆಟ್ಟಿದ್ದೆ. ಸಂಗ್ರಹಾಲಯದವರು "ಕೊಡ್ರಿ, ಓದಸ್ತೇವಿ" ಎಂದಾಗ ಅಣ್ಣನೊಡನೆ ಜಗಳವಾಡಿ ಟ್ರ್ಯಾಕ್ಟರಿನಲ್ಲಿ ಹೇರಿ ಕಳಿಸಿದೆ.

"ಅಲ್ಲಿ ಅವಂಗ ಎಣ್ಣಿ ಹಚ್ಚಾವ್ರು ಯಾರು?" ಎಂದು ಅಣ್ಣ ಕೇಳಿದ್ದ. ಯಾರೂ ಹಚ್ಚುವುದಿಲ್ಲ, ಬೇಕಾದದ್ದೇ ಅದು ಎಂದು ನಾನು ದೊಡ್ಡ ವಿದ್ವಾಂಸನಂತೆ ಹೇಳಿದ್ದೆ.

ಒಳಗೆ ಕಾಲಿಟ್ಟೊಡನೆ ಬಾವಲಿ ಹಿಕ್ಕೆಯ ನಾತ. ಹಳೆಯ ಕೂರಿಗೆಯ ಬೀಜದ ಬಟ್ಟಲಿನೊಳಗೆ ಯಾರೋ ಗುಟ್ಕಾ ಉಗುಳಿದ್ದರು. ಮೂಗಿಗೆ ಕರವಸ್ತ್ರ ಹಿಡಿದು ನಮ್ಮ ಕಲ್ಲಿನ ಮುಂದೆ ಬಂದೆ. ಅದಕ್ಕೆ ಬಾಗಿಲಿಗೆ ಹಚ್ಚುವ ಆಯಿಲ್ ಪೇಂಟ್ ಬಳಿದಿದ್ದರು. ವೀರನ ಮೈ ಗುಲಾಬಿ, ತುಟಿ ಕೆಂಪು, ಹೊಸದಾಗಿ ಒಂದು ಹುರಿಮೀಸೆ. ಅಕ್ಷರದ ಸಾಲುಗಳಲ್ಲಿ ಹಸಿರು ಬಣ್ಣ ದಪ್ಪಗೆ ತುಂಬಿ ಸಪಾಟಾಗಿತ್ತು. ಬುಡದಲ್ಲಿ ಕೊಳೆತ ಬಾಳೆಹಣ್ಣು, ಅದರ ಮೇಲೆ ನೊಣ.

"ಇದನ್ನ ಓದಿಸಿದ್ರೇನ್ರಿ?" ಎಂದು ಅಲ್ಲಿ ನೋಡಿಕೊಳ್ಳುವವರನ್ನು ಕೇಳಿದೆ.

"ಶಾಸನ ಓದಾವ್ರು ಬರ್ತೇನಂದಿದ್ರು, ಬರಲಿಲ್ರಿ. ಅಷ್ಟರಾಗ ವಾರ್ಷಿಕೋತ್ಸವ ಬಂತು. ಮಾಸಿದ ಕಲ್ಲು ಮಂದಿಗೆ ಹೆಂಗ ತೋರಸೂದಂತ ಕಮಿಟಿಯವ್ರು ಬಣ್ಣ ಹೊಡಿಸಿದ್ರು. ಗುಡಿಗೋಳಿಗೆ ಬಣ್ಣ ಹಚ್ಚಾಂವನ ಹಚ್ಯಾನ್ರಿ, ಕೈ ಚಲೋ ಐತಿ."

"ಅಕ್ಷರ?"

"ಅದ್ರಾಗೂ ಒಂದ್ ತಗ್ಗು ಬಿಟ್ಟಿಲ್ಲ ನೋಡ್ರಿ."

ನನ್ನ ಮೊಬೈಲಿನಲ್ಲಿ ಆ ಕಲ್ಲಿನ ಹತ್ತಾರು ಫೋಟೋ ಇದ್ದವು. ಎಲ್ಲದರಲ್ಲೂ ಎಣ್ಣೆಯ ಜಿಡ್ಡೇ, ಅಕ್ಷರ ಕಾಣುತ್ತಿರಲಿಲ್ಲ.

ಅಣ್ಣ ಈಗ ಕೂಗಾಡುತ್ತಾನೆ, ಟ್ರ್ಯಾಕ್ಟರ್ ತರಿಸುತ್ತಾನೆ ಎಂದು ಕಾದೆ. ಅವನು ಚಪ್ಪಲಿ ಬಿಟ್ಟು ಕೈಮುಗಿದ.

"ಖರೇ ಹೇಳ್ತೇನಿ ತಮ್ಮಾ, ನಮ್ಮ ಹೊಲ್ದಾಗ ಇವಂಗ ಇಷ್ಟು ಕಳೆ ಇದ್ದಿಲ್ಲ. ನೀ ಹೇಳಿದ್ದ ಬರೋಬ್ಬರಿ ಆತು."

ಜೀವಮಾನದಲ್ಲಿ ಮೊದಲ ಸಲ ಅವನು ನನ್ನ ಮಾತು ಒಪ್ಪಿದ್ದ. ನನಗೆ ಅವನ ಮೇಲೂ ಹೇಸಿಗೆಯಾಯಿತು.

ಅವನು ಕಣ್ಣು ಮುಚ್ಚಿದ್ದಾಗ ಉಗುರಿನಿಂದ ಒಂದು ಅಕ್ಷರದ ಮೂಲೆ ಕೆರೆದೆ. ಬಣ್ಣದ ಸಿಪ್ಪೆಯ ಜೊತೆ ಕಲ್ಲಿನ ಹುಡಿಯೂ ಎದ್ದು ಬಂತು. ಗಾಬರಿಯಿಂದ ಕೈ ಎಳೆದುಕೊಂಡೆ.

"ಯಾಕ ಕೆರೀತಿ ಅವನ್ನ? ಸುಮ್ನ ನಿಂದ್ರು," ಎಂದು ಕಣ್ಣು ಬಿಟ್ಟ ಅಣ್ಣ ಗದರಿ, ತೆಂಗಿನಕಾಯಿ ತರಲು ಹೊರಗೆ ಹೋದ. ನಾನು ಆ ಗುಲಾಬಿ ಮುಖದವನ ಎದುರು ಉಗುರು ನೋಡಿಕೊಳ್ಳುತ್ತ ನಿಂತೆ. ಅದರೊಳಗೆ ಸಿಕ್ಕಿದ್ದರಲ್ಲಿ ಪೇಂಟ್ ಎಷ್ಟು, ಅವನ ಹೆಸರು ಎಷ್ಟು ಎಂದು ತಿಳಿಯದೆ, ಕೊಡವಲು ಮನಸ್ಸಾಗಲಿಲ್ಲ.