ಬೀಗ ತೆಗೆದುಕೊಟ್ಟ ಚಾಚಾ

ಚಾಚಾ ಕೂತು ಎದ್ದ ಮೇಲೆ ನಮ್ಮ ಅಂಗಡಿಯ ಕಂಪ್ಯೂಟರಿನ ಗಾಜಿನ ಮೇಲೆ ಮೂಗಿನ ತುದಿಯಷ್ಟಗಲದ ಎಣ್ಣೆಗುರುತೊಂದು ಉಳಿದಿರುತ್ತಿತ್ತು. ಅಷ್ಟು ಹತ್ತಿರ ಬಗ್ಗಿ ಓದುತ್ತಿದ್ದರು. ದಪ್ಪ ಕನ್ನಡಕವೂ ಅವರ ಕಣ್ಣಿಗೆ ಸಾಲುತ್ತಿರಲಿಲ್ಲ.

ನಾನು ನರಗುಂದದ ಬಸ್‌ಸ್ಟ್ಯಾಂಡಿನ ಬಳಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಾಗಲೇ ಅವರು ಬರೆದುಕೊಟ್ಟ ಸಾಫ್ಟ್‌ವೇರ್ ಅಲ್ಲಿತ್ತು. ಕಪ್ಪು ಪರದೆ, ಬಿಳಿ ಅಕ್ಷರ. ಯಾವ ಬೇರಿಂಗು ಯಾವ ಖಾನೆಯಲ್ಲಿದೆ ಎಂದು ಥಟ್ಟನೆ ಹೇಳುತ್ತಿತ್ತು. ಆ ಪಟ್ಟಿ ತುಂಬಿಸಿದವಳು ನಾನು. ಒಂದೊಂದೇ ಡಬ್ಬಿ ಇಳಿಸಿ, ನಂಬರು ಓದಿ, ಒಂದೂವರೆ ವರ್ಷ. ರೋಣ, ಗಜೇಂದ್ರಗಡದ ಕೆಲವು ಅಂಗಡಿಗಳಲ್ಲೂ ಅವರದೇ ಸಾಫ್ಟ್‌ವೇರ್ ಇತ್ತು. ಎಲ್ಲರಿಗೂ ಅವರು ಚಾಚಾ. ತಿಂಗಳಿಗೊಮ್ಮೆ ಬಂದರೆ ಮೊದಲು ಜೇಬಿನಿಂದ ದಾಡಿಯ ಬ್ರಶ್ ತೆಗೆದು ಕೀಬೋರ್ಡ್ ಝಾಡಿಸುತ್ತಿದ್ದರು. "ಮಷೀನಿಗೆ ಸೊಕ್ಕ ಇರೂದಿಲ್ಲವಾ, ಧೂಳ ಇರ್ತೈತಿ" ಎನ್ನುತ್ತಿದ್ದರು.

ಒಂದು ವರ್ಷ ಅವರು ಬರುವುದು ನಿಂತಿತು. ಗದಗಿನ ಅವರ ಕಚೇರಿಗೆ ಫೋನ್ ಮಾಡಿದರೆ ಎತ್ತುವವರಿಲ್ಲ. ಹೆಸರುಕಾಳಿನ ಬಿತ್ತನೆಯ ಗಡಿಬಿಡಿಯಲ್ಲೇ ನಮ್ಮ ಹಳೆಯ ಕಂಪ್ಯೂಟರ್ ಸುಟ್ಟುಹೋಯಿತು. ಸಿಡಿಯಲ್ಲಿ ತೆಗೆದಿಟ್ಟಿದ್ದ ಸಾಫ್ಟ್‌ವೇರ್, ಪಟ್ಟಿಗಳ ಪ್ರತಿಯನ್ನು ಹೊಸ ಕಂಪ್ಯೂಟರಿಗೆ ಹಾಕಿದೆ. ಅದು ಕೀಲಿ ನಂಬರ್ ಕೇಳಿತು. ಮಷೀನ್ ಬದಲಾದರೆ ನಂಬರೂ ಬದಲಾಗಬೇಕು; ಕೊಡಬಲ್ಲವರು ಚಾಚಾ ಒಬ್ಬರೇ.

ಹುಬ್ಬಳ್ಳಿಯಿಂದ ಹೊಸ ಸಾಫ್ಟ್‌ವೇರ್ ಮಾರಲು ಬಂದವನು ನಕ್ಕ. "ಆ ಮನಷ್ಯಾ ಅಂಗಡಿ ಮುಚ್ಚ್ಯಾನ್ರಿ. ಎಲ್ಲಾ ಹೊಸದಾಗಿ ಟೈಪ್ ಮಾಡೂದ."

ಅಂಗಡಿಯ ಸಾವಕಾರರು ನನ್ನ ಮುಖ ನೋಡಿದರು. ಹೊರಗೆ ಶಿರೋಳದ ರೈತರೊಬ್ಬರು ಆಯಿಲ್ ಸೀಲಿಗಾಗಿ ಕಾಯುತ್ತಿದ್ದರು. ಎಲ್ಲಿದೆಯೆಂದು ನನಗೆ ತಿಳಿಯಲಿಲ್ಲ. ಅಳು ಬಂತು.

ಹಳೆಯ ರಸೀದಿಯಲ್ಲಿ ಅವರ ಮನೆ ವಿಳಾಸ ಸಿಕ್ಕಿತು. ರೋಣದ ಬಸ್ ಹತ್ತಿದೆ. ಚಾಚಾ ಬಾಗಿಲಲ್ಲೇ ಕುಳಿತಿದ್ದರು. ನಾನು ಎದುರಿಗೆ ನಿಂತರೂ "ಯಾರವರು?" ಎಂದರು. ಸಕ್ಕರೆ ಕಾಯಿಲೆ ಅವರ ಕಣ್ಣು ತಿಂದಿತ್ತು.

ಮರುದಿನ ಬೆಳಿಗ್ಗೆ ಹೆಂಡತಿ ಚಾಚಿಯ ಕೈ ಹಿಡಿದು ಅಂಗಡಿಗೆ ಬಂದರು. "ಪರದಾ ಮ್ಯಾಲೆ ಏನ್ ಬರದೈತಿ ಓದವಾ. ನಾ ಹೇಳಿದ್ದಷ್ಟ ಒತ್ತು."

ನಾನು ಓದಿದೆ, ಅವರು ಹೇಳಿದರು, ನಾನು ಒತ್ತಿದೆ. ಸಾಫ್ಟ್‌ವೇರ್ ತೆರೆಯಿತು. ನಾನು ಕೈಮುಗಿದದ್ದು ಅವರಿಗೆ ಕಾಣಲಿಲ್ಲ. ಚಾಚಿ ಅದನ್ನು ಅವರಿಗೆ ಹೇಳಿ ನಕ್ಕರು.

ಆದರೆ ಅವರು ಏಳಲಿಲ್ಲ. "ಈಗ ಎದ್ದು ಹೋದ್ರ ನಾಳಿ ಮತ್ತ ನನ್ನ ಹುಡಕ್ಕೋತ ಬರ್ತಿ. ನಾ ಸಿಗದಿದ್ರ?" ಎಂದು, ಕೀಲಿ ನಂಬರ್ ಕೇಳುವ ಆ ಬೀಗವನ್ನೇ ಕಿತ್ತುಹಾಕುವುದನ್ನು ಹೇಳಿಕೊಟ್ಟರು. ಆಮೇಲೆ ಇಡೀ ಪಟ್ಟಿಯನ್ನು ಯಾವ ಸಾಫ್ಟ್‌ವೇರ್ ಬೇಕಾದರೂ ಓದಬಲ್ಲ ಸಾದಾ ಫೈಲಾಗಿ ತೆಗೆಸಿದರು.

ಸಾವಕಾರರಿಗೆ ತಡೆಯಲಾಗಲಿಲ್ಲ. "ಹಿಂಗ ಬಿಟ್ಟುಕೊಟ್ರ ನಿಮಗ ಗಿರಾಕಿ ಉಳೀತಾರೇನ್ರಿ?"

"ನನಗ ಕಣ್ಣ ಉಳದಿಲ್ಲ, ಗಿರಾಕಿ ಇಟಗೊಂಡು ಏನ್ ಮಾಡ್ಲಿ ಸಾವಕಾರ್ರ? ಬೀಗಷ್ಟ ನಂದು. ಪಟ್ಟಿ ಈ ತಂಗೀದು. ನನ್ನ ಸಾಫ್ಟ್‌ವೇರ್ ಸತ್ರ ಸಾಯಲಿ, ಪಟ್ಟಿ ಸಾಯಬಾರ್ದು."

ಹೊರಡುವಾಗ ಮನೆಯ ಫೋನ್ ನಂಬರ್ ಬರೆಸಿಕೊಟ್ಟರು. ಆ ತಿಂಗಳೆಲ್ಲ ಚಾಚಿಯನ್ನು ಕರೆದುಕೊಂಡು ಗಜೇಂದ್ರಗಡದವರೆಗೂ ಅಂಗಡಿ ಅಂಗಡಿಗೆ ಹೋಗಿ ಇದೇ ಕೆಲಸ ಮಾಡಿದರಂತೆ. ಮುಂದೆ ನಾವು ಹೊಸ ಸಾಫ್ಟ್‌ವೇರಿಗೆ ಹೋದೆವು. ನನ್ನ ಒಂದೂವರೆ ವರ್ಷದ ದುಡಿಮೆ ಒಂದೇ ಮಧ್ಯಾಹ್ನದಲ್ಲಿ ಅಲ್ಲಿಗೆ ಬಂದು ಕೂತಿತು. ಒಂದು ವಾಷರೂ ತಪ್ಪಲಿಲ್ಲ.

ಎರಡು ವರ್ಷದ ಮೇಲೆ ಚಾಚಾ ತೀರಿಕೊಂಡ ಸುದ್ದಿ ತಡವಾಗಿ ತಿಳಿಯಿತು. ರೋಣಕ್ಕೆ ಹೋದೆ. ದಾರಿಯುದ್ದಕ್ಕೂ ಒಂದೇ ಸಂಕಟ: ಕೆಲಸವಾದ ಮೇಲೆ ಒಂದು ದಿನವೂ ಆ ಮನುಷ್ಯನಿಗೆ ಫೋನ್ ಮಾಡಲಿಲ್ಲವಲ್ಲ.

ಚಾಚಿಯ ಮುಂದೆ ಅದನ್ನೇ ಹೇಳಿ ಅತ್ತೆ. ಅವರು ನನ್ನ ಕೈ ಹಿಡಿದುಕೊಂಡರು.

"ಅಳಬ್ಯಾಡವಾ. ದಿನಾ ಸಂಜಿಕ ಕೇಳ್ತಿದ್ರು, ಯಾರ್ದರ ಫೋನ್ ಬಂತೇನ ಅಂತ. ಇಲ್ರಿ ಅಂದ್ರ ಎಷ್ಟ್ ಖುಷಿ! ಹಂಗಾರ ಎಲ್ಲಾ ಅಂಗಡ್ಯಾಗ ಚಲೋ ನಡದೈತಿ ಅಂತ ಅಂದು, ಆರಾಮ ಮಲಗತಿದ್ರು."